ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಬೇಕೇ, ಹೊಸದನ್ನೇ ಕೊಳ್ಳಬೇಕೇ?

ಅಣ್ಣ ಬಳಸಿದ, 4 ಜಿಬಿ ರ‍್ಯಾಮ್ ಹಾಗೂ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್ ಬಿಸಿಎ ಓದಿಗೆ ಸಾಕೇ ಎಂದು ಕೇಳಿದ್ದೀರಿ. ಮೊದಲು ಪ್ರೊಸೆಸರ್ ನೋಡಿ. ಇಂಟೆಲ್ 8ನೇ ಪೀಳಿಗೆ ಅಥವಾ ಅದರ ನಂತರದ್ದಾದರೆ ಎಸ್‌ಎಸ್‌ಡಿಗೆ (ಹಾರ್ಡ್ ಡಿಸ್ಕ್ ಬದಲು ಚಿಪ್‌ಗಳಲ್ಲಿ ಕಡತ ಉಳಿಸುವ ಸಾಧನ) ಧೈರ್ಯವಾಗಿ ಹಣ ಹಾಕಿ. ಅದಕ್ಕಿಂತ ಹಳೆಯವುಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ; ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಆಗ ವಿಂಡೋಸ್ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್ ಇದೆ. ಬಿಸಿಎ ವಿದ್ಯಾರ್ಥಿಗೆ ಅದೇ ಲೇಸು ಎನ್ನುವುದು ನನ್ನ ಪಕ್ಷಪಾತ!

ಲ್ಯಾಪ್‌ಟಾಪ್ ತೆವಳುವುದಕ್ಕೆ ಮುಖ್ಯ ಕಾರಣ ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಚದುರಿದ ಸಣ್ಣ ಕಡತಗಳನ್ನು ಹುಡುಕಲು ಅದಕ್ಕೆ ಪ್ರತಿ ಸಲವೂ ಹಲವು ಮಿಲಿಸೆಕೆಂಡು ಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. 2.5 ಇಂಚಿನ ಸಾಟಾ (ಹಾರ್ಡ್ ಡಿಸ್ಕಿನಂಥದೇ ಜೋಡಣೆಯ) ಎಸ್‌ಎಸ್‌ಡಿ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ. ಹಣ ಒಂದಕ್ಕೇ ಸಾಲುವುದಾದರೆ ಇದನ್ನೇ ಮಾಡಿಸಿ.

ರ‍್ಯಾಮ್ ಕೊಳ್ಳುವ ಮುನ್ನ ಹಿಂಬದಿ ಬಿಚ್ಚಿಸಿ ಖಾಲಿ ಸ್ಲಾಟ್ ಇದೆಯೇ ನೋಡಿ. ತೆಳು ಮಾದರಿಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುವುದುಂಟು. ರ‍್ಯಾಮ್‌ನ ಪೀಳಿಗೆಯನ್ನೂ ನೋಡಿ: ಡಿಡಿಆರ್4 ಸ್ಲಾಟಿನಲ್ಲಿ ಅದರ ನಂತರದ ಡಿಡಿಆರ್5 ಕೂರುವುದಿಲ್ಲ.

ಯಂತ್ರ ತೀರಾ ಹಳೆಯದಾದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಂಪನಿಗಳು ಬಳಸಿಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್‌ಗಳನ್ನು ನೋಡಿ. ಬ್ಯಾಟರಿ ಸೊರಗಿರಬಹುದು, ಅದನ್ನು ಹೇಳಿ ಬೆಲೆ ಇಳಿಸಿ. ಸೀರಿಯಲ್ ಸಂಖ್ಯೆ ಬರೆದ ಬಿಲ್ ಇಲ್ಲದೆ ಹಣ ಕೊಡಬೇಡಿ.