ನೂರರ ನೋಟು ಮತ್ತು ಮಗನ ಬಿಟ್‌ಕಾಯಿನ್

(ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟರೊಬ್ಬರ ಪತ್ರದ ಸಾರ: "ಈ ಸಲದ ಅಡಕೆ ದುಡ್ಡನ್ನು ಎಫ್‌ಡಿ ಇಡುವುದು ಬೇಡ, ಕಂಪ್ಯೂಟರ್ ಜಾಲದ ಲೆಕ್ಕದಲ್ಲಷ್ಟೇ ಇರುವ ಬಿಟ್‌ಕಾಯಿನ್ ಎಂಬ ನಾಣ್ಯಕ್ಕೆ ಹಾಕೋಣ ಎಂದು ಬೆಂಗಳೂರಿನಲ್ಲಿರುವ ಮಗ ಹಟ ಹಿಡಿದಿದ್ದಾನೆ. ಅದು ಬರೀ ಗಾಳಿ ಕಣೋ ಎಂದೆ. 'ನಿಮ್ಮ ನೋಟಾದರೂ ಏನು ಅಪ್ಪಯ್ಯ? ಅಚ್ಚು ಹಾಕಿದ ಕಾಗದ. ಎರಡೂ ನಿಂತಿರೋದು ನಂಬಿಕೆ ಮೇಲೇ' ಎಂದ. ನನಗೆ ಉತ್ತರ ಹೊಳೆಯಲಿಲ್ಲ. ನೀವು ಏನು ಹೇಳುತ್ತೀರಿ?")

ಮಾನ್ಯರೇ,

ನಿಮ್ಮ ಮಗನ ಪ್ರಶ್ನೆಯನ್ನು ಉಡಾಫೆ ಎಂದು ತಳ್ಳಿಹಾಕಬೇಡಿ. ಅರ್ಧದಷ್ಟು ಅವನು ಹೇಳಿದ್ದೇ ಸರಿ.

ಇದನ್ನು ಬರೆಯುವ ಮೊದಲು ನೂರರ ಒಂದು ನೋಟನ್ನೂ ಒಂದು ರೂಪಾಯಿಯ ಹಳೇ ನೋಟನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆ. ನೂರರ ನೋಟಿನಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇದೆ, ಇದನ್ನು ತಂದವರಿಗೆ ನೂರು ರೂಪಾಯಿ ಸಲ್ಲಿಸುತ್ತೇನೆ ಎಂಬ ವಚನ ಇದೆ. ಆ ವಚನ ನೆಚ್ಚಿಕೊಂಡು ನೀವು ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋದರೆ ಬೆಳ್ಳಿ ಬಂಗಾರ ತೂಗಿ ಕೊಡುವುದಿಲ್ಲ. ಇನ್ನೊಂದು ನೂರರ ನೋಟನ್ನೋ ಅಷ್ಟೇ ಬೆಲೆಯ ಚಿಲ್ಲರೆಯನ್ನೋ ಕೊಟ್ಟಾರು. ಒಂದು ರೂಪಾಯಿ ನೋಟಿನಲ್ಲಂತೂ ವಚನವೇ ಇಲ್ಲ. ಅದು ಭಾರತ ಸರ್ಕಾರದ್ದು, ಸಹಿ ಹಣಕಾಸು ಕಾರ್ಯದರ್ಶಿಯದು. ಹಾಗಾಗಿ ಬೆಲೆ ಕಾಗದದಲ್ಲಿಲ್ಲ ಎನ್ನುವುದನ್ನು ಒಪ್ಪಿಬಿಡೋಣ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳನ್ನು ಕೈಯಲ್ಲಿ ಹಿಡಿದು ಕೂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ಬೆಲೆ ಎಲ್ಲಿದೆ? ಬಾಕಿಯಲ್ಲಿದೆ ಎಂಬುದು ನನ್ನ ಉತ್ತರ. ನಿಮ್ಮ ಸೊಸೈಟಿಯ ಬೆಳೆಸಾಲ, ಪಂಚಾಯಿತಿಯ ಮನೆಗಂದಾಯ, ಮೆಸ್ಕಾಂ ಬಿಲ್ಲು, ಮಗ ಕಟ್ಟುವ ಆದಾಯ ತೆರಿಗೆ ಎಲ್ಲವನ್ನೂ ರೂಪಾಯಿಯಲ್ಲೇ ತೀರಿಸಬೇಕು. ನಾಳೆ ಬೆಳಗಾದರೆ ಈ ದೇಶದಲ್ಲಿ ಕೋಟ್ಯಂತರ ಜನ ರೂಪಾಯಿ ಹುಡುಕಿಕೊಂಡು ಹೊರಡಲೇಬೇಕು, ಇಷ್ಟವಿರಲಿ ಬಿಡಲಿ. ಅಡಕೆ ಮಾರುವವನೂ ಕೂಲಿಗೆ ಹೋಗುವವನೂ ಕೋಡ್ ಬರೆಯುವವನೂ ದುಡಿದದ್ದಕ್ಕೆ ರೂಪಾಯಿಯನ್ನೇ ಕೇಳುವುದು ಇದಕ್ಕಾಗಿ. ಇದು ಬರೀ ನಂಬಿಕೆಯಲ್ಲ, ಕಟ್ಟುಪಾಡು. 'ನಂಬಿಕೆ' ಎಂಬ ಒಂದೇ ಮಾತಿನಲ್ಲಿ ನಿಮ್ಮ ಮಗ ಎರಡು ಬೇರೆ ಬೇರೆ ಸಂಗತಿಗಳನ್ನು ಸೇರಿಸಿ ಕಟ್ಟಿದ್ದಾನೆ.

ಬಿಟ್‌ಕಾಯಿನ್ ಬೇಕೇಬೇಕು ಎನ್ನುವ ಬಾಕಿ ಯಾರ ತಲೆಯ ಮೇಲೂ ಇಲ್ಲ. ಅದರ ರಚನೆ ಜಾಣತನದ್ದು, ನನಗೆ ಅದರ ಮೇಲೆ ಗೌರವವಿದೆ. ಅದನ್ನು ರಚಿಸಿದ ಸತೋಶಿ ನಕಮೊಟೊ ಎಂಬ ಹೆಸರಿನ ಹಿಂದೆ ಇದ್ದವರು ಯಾರೋ, 2009ರ ಜನವರಿ 3ರಂದು ಶುರುವಾದ ಆ ಲೆಕ್ಕದ ಪುಸ್ತಕ ಇವತ್ತಿಗೂ ನಡೆಯುತ್ತಿದೆ. ಒಟ್ಟು 2.1 ಕೋಟಿ ನಾಣ್ಯಗಳಾಚೆ ಒಂದೂ ಹೆಚ್ಚಿಗೆ ಹುಟ್ಟುವಂತಿಲ್ಲ. ಆದರೆ ವಿರಳವಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ನಿಮ್ಮ ಅಡಕೆಯನ್ನೇ ನೋಡಿ. ಮಂಡಿಯಲ್ಲಿ ರಾಶಿ ಇಡಿಯ ದರ ಎಷ್ಟೇ ಕುಸಿಯಲಿ, ಎಲ್ಲೋ ಅದನ್ನು ಜಗಿಯುವ ಬಾಯಿ ಒಂದಿದೆ. ಬಿಟ್‌ಕಾಯಿನ್ ಕೊಂಡವನಿಗೆ ಕಾಯಬೇಕಾದ್ದು ತನಗಿಂತ ಹೆಚ್ಚು ಕೊಟ್ಟು ಕೊಳ್ಳುವ ಇನ್ನೊಬ್ಬನಿಗೆ. ಬಂಗಾರದ ಬೆಲೆಯಲ್ಲೂ ಇಂಥ ಕಾಯುವಿಕೆಯ ಪಾಲು ಇದೆಯಲ್ಲ ಎಂದು ನಿಮ್ಮ ಮಗ ಕೇಳಬಹುದು. ಇದೆ. ಆದರೂ ಬಂಗಾರ ಕೊನೆಗೆ ಮಗಳ ಕೊರಳಿಗಾದರೂ ಆಗುತ್ತದೆ.

ಯಾವುದು ಹಣ, ಯಾವುದಲ್ಲ ಎಂದು ತಿಳಿಯಲು ನಾನು ನೆಚ್ಚುವ ಪರೀಕ್ಷೆ ಒಂದೇ: ಅದರಲ್ಲಿ ಸಾಲಪತ್ರ ಬರೆಯಲಾಗುತ್ತದೆಯೇ? ಒಂದು ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇತ್ತು. ಆಗ ಅದನ್ನು ಕೈಸಾಲ ಕೊಟ್ಟು ವರ್ಷದ ನಂತರ ವಾಪಸು ಪಡೆದವನ ಕೈಗೆ ಬಂದದ್ದು 16,000 ಡಾಲರಿನ ಆಸುಪಾಸು. ಈಗ ತಿರುಗಿಸಿ ನೋಡಿ. ಆ 16,000ದ ಹೊತ್ತಿನಲ್ಲಿ ಒಂದು ಬಿಟ್‌ಕಾಯಿನ್ ಸಾಲ ತೆಗೆದು ಬೋರ್‌ವೆಲ್ ಕೊರೆಸಿದವನು 2024ರ ಮಾರ್ಚ್‌ನಲ್ಲಿ ತೀರಿಸಲು ಹೋದರೆ 70,000 ಡಾಲರ್ ಹೊಂದಿಸಬೇಕಿತ್ತು. ತೋಟವೇ ಹೋದೀತು. ಏರುವುದು ಲಾಭ, ಇಳಿಯುವುದು ನಷ್ಟ ಎಂದಷ್ಟೇ ಎಲ್ಲರೂ ನೋಡುತ್ತಾರೆ. ಏರಿದಾಗಲೂ ಒಬ್ಬ ಮುಳುಗುತ್ತಾನೆ ಎಂದ ಮೇಲೆ ಅದು ಅಳೆಯುವ ಸೇರು ಆಗಲಾರದು.

ಇದನ್ನು ದೇಶವೊಂದು ನಿಜವಾಗಿ ಪರೀಕ್ಷೆ ಮಾಡಿಯೂ ನೋಡಿತು. ಡಾಲರನ್ನೇ ತನ್ನ ಹಣವಾಗಿ ಬಳಸುವ ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನ್ನನ್ನು ಅಧಿಕೃತ ಹಣ ಮಾಡಿತು. ಸರ್ಕಾರದ ಆ್ಯಪ್ ಹಾಕಿಕೊಂಡವರಿಗೆ 30 ಡಾಲರಿನಷ್ಟು ಬಿಟ್‌ಕಾಯಿನ್ ಪುಕ್ಕಟೆ ಕೊಟ್ಟಿತು. ಬಹಳ ಜನ ಅದನ್ನು ಖರ್ಚು ಮಾಡಿ ಆ್ಯಪ್‌ನ ಕಡೆ ಮತ್ತೆ ತಿರುಗಲಿಲ್ಲ. ಅಂಗಡಿಯ ಬೆಲೆಪಟ್ಟಿ ಡಾಲರಿನಲ್ಲೇ ಉಳಿಯಿತು. ಕೊನೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಪಡೆಯುವ ಒಪ್ಪಂದದ ಭಾಗವಾಗಿ 2025ರ ಆರಂಭದಲ್ಲಿ ಕಾನೂನನ್ನೇ ಸಡಿಲಿಸಿ, ಬೇಕಿದ್ದವರು ತೆಗೆದುಕೊಳ್ಳಲಿ ಎಂದಿತು. ತೆರಿಗೆ ಮಾತ್ರ ಡಾಲರಿನಲ್ಲೇ ಕಟ್ಟಬೇಕು. ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳ ವ್ಯಾಪಾರಿಗಳು ತಮ್ಮತಮ್ಮಲ್ಲಿ ವ್ಯವಹರಿಸಲು ಹೆಚ್ಚು ಬಳಸುವ ಟೆದರ್ ಎಂಬ ನಾಣ್ಯ ಕೂಡ ಡಾಲರಿನ ಬೆಲೆಗೆ ಗಂಟು ಹಾಕಿದ್ದೇ.

ಇನ್ನು ನೀವು ಮಗನಿಗೆ ಬಿಟ್ಟುಕೊಡಬೇಕಾದ ಮಾತು. ರೂಪಾಯಿ ಸವೆಯುತ್ತದೆ. ನಾವು ಚಿಕ್ಕವರಿದ್ದಾಗ ಪೆಪ್ಪರ್‌ಮಿಂಟು ಕೊಡಿಸುತ್ತಿದ್ದ ನಾಲ್ಕಾಣೆ 2011ರ ಜೂನ್ 30ಕ್ಕೆ ಚಲಾವಣೆಯಿಂದಲೇ ಹೋಯಿತು. ಜಿಂಬಾಬ್ವೆಯಲ್ಲಿ ಸರ್ಕಾರ ಅಚ್ಚು ಹಾಕುತ್ತಲೇ ಹೋಗಿ 2009ರಲ್ಲಿ ನೂರು ಲಕ್ಷ ಕೋಟಿ ಡಾಲರಿನ ನೋಟು ಬಂತು, ಅದಕ್ಕೂ ಬೆಲೆ ಉಳಿಯಲಿಲ್ಲ. ಅಂಥ ದೇಶದಲ್ಲಿ ಸಿಕ್ಕಿಕೊಂಡವರಿಗೆ, ದೊರೆಯ ಕೈಗೆ ನಿಲುಕದೆ ಗಡಿ ದಾಟಿಸಬಹುದಾದ ಸ್ವತ್ತು ಎಂದರೆ ಸಣ್ಣ ವಿಷಯವಲ್ಲ. ಅದಕ್ಕೇ ಬಿಟ್‌ಕಾಯಿನ್‌ಗೆ ಬೆಲೆಯೇ ಇಲ್ಲ ಎನ್ನಲು ನಾನು ಸಿದ್ಧನಿಲ್ಲ. ಬೆಲೆ ಇದೆ, ಆದರೆ ಅದು ಹಣದ ಬೆಲೆಯಲ್ಲ. ಏರಿಳಿತ ತಡೆಯಬಲ್ಲವರು ಇಟ್ಟುಕೊಳ್ಳಬಹುದಾದ ಒಂದು ಸರಕಿನ ಬೆಲೆ.

ಇನ್ನೊಂದು ವ್ಯತ್ಯಾಸ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ: ಕೆಟ್ಟಾಗ ಯಾರನ್ನು ಕೇಳುವುದು? ಮಲೆನಾಡಿನ ಮನೆಯಲ್ಲಿ ಪೆಟ್ಟಿಗೆಗೆ ಒರಲೆ ಹತ್ತುವುದು ಹೊಸದಲ್ಲ. ಐನೂರರ ನೋಟಿನ ಒಂದೇ ತುಂಡು ನೂರಕ್ಕೆ ಎಂಬತ್ತು ಭಾಗಕ್ಕಿಂತ ಹೆಚ್ಚು ಉಳಿದಿದ್ದರೆ ಬ್ಯಾಂಕ್ ಪೂರಾ ಹಣ ಕೊಡುತ್ತದೆ, ನಲವತ್ತರಿಂದ ಎಂಬತ್ತರವರೆಗೆ ಇದ್ದರೆ ಅರ್ಧ. ಬ್ಯಾಂಕೇ ಮುಳುಗಿದರೂ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಅತ್ತ ಬ್ರಿಟನ್ನಿನ ನ್ಯೂಪೋರ್ಟ್ ಊರಿನವರೊಬ್ಬರ ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿ (ಅದಿಲ್ಲದೆ ನಾಣ್ಯ ಕೈಗೆ ಸಿಗದ ಗುಪ್ತ ಸಂಕೇತ) ಇದ್ದ ಹಾರ್ಡ್ ಡಿಸ್ಕ್ 2013ರಲ್ಲಿ ಕಸದ ರಾಶಿ ಸೇರಿತು. ವರ್ಷಗಟ್ಟಲೆ ಅಲೆದರೂ ಆ ಕಸ ಅಗೆಯಲು ಅವರಿಗೆ ಅನುಮತಿ ದಕ್ಕಲಿಲ್ಲ. ಇಂಥ ನಾಣ್ಯಗಳನ್ನು ಕೊಂಡು ಮಾರುವ ತಾಣವಾದ ನಮ್ಮ ದೇಶದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನಿಂದ 2024ರ ಜುಲೈನಲ್ಲಿ ಕಳ್ಳರು 23 ಕೋಟಿ ಡಾಲರಿಗೂ ಹೆಚ್ಚು ದೋಚಿದರು. ಗ್ರಾಹಕರು ತಮ್ಮದೇ ಗಂಟಿಗಾಗಿ ತಿಂಗಳುಗಟ್ಟಲೆ ಕಾದರು. ಅಲ್ಲಿ ಠೇವಣಿ ವಿಮೆ ಇಲ್ಲ.

ಇಂಥ ನಾಣ್ಯಗಳಿಗೆ ಸರ್ಕಾರ ತೆರಿಗೆ ಹಾಕಿದೆ, ಅಂದ ಮೇಲೆ ಒಪ್ಪಿದಂತೆಯೇ ಎಂದೂ ಮಗ ಹೇಳಬಹುದು. ಒಪ್ಪಿದಂತಲ್ಲ. 2022ರ ಬಜೆಟ್ಟಿನಲ್ಲಿ ಬಂದ ನಿಯಮದಂತೆ ಲಾಭದ ಮೇಲೆ ಶೇ. 30 ತೆರಿಗೆ, ಮಾರಿದಾಗ ಶೇ. 1 ಟಿಡಿಎಸ್. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆ ತೆರಿಗೆಯನ್ನೂ ಕಟ್ಟಬೇಕಾದ್ದು ರೂಪಾಯಿಯಲ್ಲೇ.

ಅಡಕೆ ದುಡ್ಡಿನ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿದೆ: ಬರುವ ವರ್ಷದ ಔಷಧಿ ಹೊಡೆಸುವ ಕೂಲಿ, ಕೊಯ್ಲಿನ ಖರ್ಚು, ನಿಮ್ಮಿಬ್ಬರ ಆಸ್ಪತ್ರೆಯ ಹಣ ಇದರಿಂದಲೇ ಬರಬೇಕಾದರೆ ಒಂದು ಕಾಸನ್ನೂ ಅತ್ತ ಸರಿಸಬೇಡಿ. ಮಗ ತನ್ನ ಸಂಬಳದಲ್ಲಿ, ಪೂರಾ ಹೋದರೂ ನಿದ್ದೆ ಕೆಡದಷ್ಟು ಹಾಕಿಕೊಂಡರೆ ತಡೆಯಬೇಡಿ. ಅವನು ಈಗಾಗಲೇ ಕೊಂಡಿದ್ದರೆ ಮುಂದಿನ ಸಲ ಊರಿಗೆ ಬಂದಾಗ ಜೊತೆಗೆ ಕೂರಿಸಿಕೊಂಡು ಕೇಳಿ: ನಾಣ್ಯ ಎಕ್ಸ್‌ಚೇಂಜಿನಲ್ಲಿದೆಯೋ, ಕೀಲಿ ತನ್ನ ಬಳಿಯೇ ಇರುವ ಸ್ವಂತ ವಾಲೆಟ್‌ನಲ್ಲಿದೆಯೋ? ವಾಲೆಟ್‌ನಲ್ಲಿದ್ದರೆ ಅದನ್ನು ತೆರೆಯುವ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳನ್ನು ಎಲ್ಲಿ ಬರೆದಿಟ್ಟಿದ್ದಾನೆ? ಅವನಿಗೆ ಏನಾದರೂ ಆದರೆ ಸೊಸೆಗೆ ಅದು ಸಿಗುತ್ತದೆಯೇ?

ಅವನು ಏನು ಹೇಳಿದ ಎಂಬುದನ್ನು ದಯವಿಟ್ಟು ನಮಗೂ ಬರೆಯಿರಿ.

– ಸಂಪಾದಕ