‘ಇದೇ ವಿಶ್ವವಿದ್ಯಾಲಯ ಯಾಕೆ?’: ತಮ್ಮನ ವಿಷಯ ಬರೆಯಲು ಹಿಂಜರಿದ ಹುಡುಗಿ

ಅವಳು ಭಾಷಾವಿಜ್ಞಾನದ ಪದವಿಗೆ ಅರ್ಜಿ ಹಾಕುತ್ತಿದ್ದ ಹುಡುಗಿ, ವಯಸ್ಸು 18. ಹೆಸರು, ಊರು, ಅವಳು ಸೇರಬೇಕು ಅಂದುಕೊಂಡ ವಿಶ್ವವಿದ್ಯಾಲಯ, ಇವು ಯಾವುವೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಇದನ್ನು ಬರೆಯಲು ಅವಳೂ ಒಪ್ಪಿದ್ದಾಳೆ, ಅವಳ ತಮ್ಮನೂ ಒಪ್ಪಿದ್ದಾನೆ. ತಮ್ಮನ ಒಪ್ಪಿಗೆ ಯಾಕೆ ಬೇಕಾಯಿತು ಅನ್ನೋದು ಓದುತ್ತಾ ಗೊತ್ತಾಗುತ್ತದೆ.

ಸಲಹೆಗೆ ಅಂತ ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದವರು ಅವಳ ಅಮ್ಮ. ಮಗಳು ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ, ಸರಿಯಾಗಿ ಊಟ ಮಾಡಲ್ಲ, ಏನಾದರೂ ಕೇಳಿದರೆ ರೇಗುತ್ತಾಳೆ, ಈಗ ನೋಡಿದರೆ ಅರ್ಜಿಯೇ ಬೇಡ ಅಂತಿದ್ದಾಳೆ ಅಂತ ಅವರ ದೂರು. ಅಂಕ ಚೆನ್ನಾಗಿದ್ದವು. ಶಿಕ್ಷಕರ ಶಿಫಾರಸು ಪತ್ರಗಳೂ ಬಂದಿದ್ದವು. ಉಳಿದಿದ್ದು ಒಂದೇ ಪ್ರಶ್ನೆ: ‘ನಮ್ಮಲ್ಲೇ ಓದಬೇಕು ಅಂತ ನಿಮಗೆ ಯಾಕೆ ಅನ್ನಿಸಿತು?’ ಉತ್ತರಕ್ಕೆ 300 ಪದ. ಅಷ್ಟಕ್ಕೆ ಅವಳು ಕಂಗಾಲಾಗಿದ್ದಳು.

ಬರೆದಿದ್ದನ್ನು ತಂದಿದ್ದಳು. ಮೊದಲ ಪ್ಯಾರಾ ತುಂಬಾ ‘ವಿಶ್ವಮಟ್ಟದ ಶಿಕ್ಷಣ’, ‘ಹೆಸರಾಂತ ಪ್ರಾಧ್ಯಾಪಕರು’, ‘ಉಜ್ವಲ ಭವಿಷ್ಯ’. ರ‍್ಯಾಂಕ್ ಬಗ್ಗೆ ಒಂದು ವಾಕ್ಯ ಇತ್ತು, ಅದು ಅಪ್ಪ ಹೇಳಿ ಬರೆಸಿದ್ದು. ಎರಡನೇ ಪ್ಯಾರಾ ಪೂರ್ತಿ ಇತಿಹಾಸ. ಕಿವುಡ ಮಕ್ಕಳಿಗೆ ಸನ್ನೆ ಭಾಷೆಯಲ್ಲಿ ಪಾಠ ಮಾಡಬಾರದು, ಬಾಯಿಮಾತಿನಲ್ಲೇ ಕಲಿಸಬೇಕು ಅಂತ 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ತೀರ್ಮಾನ ಮಾಡಿದ್ದು, ಆಮೇಲೆ 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ಅಧ್ಯಾಪಕರು ಅಮೆರಿಕದ ಸನ್ನೆ ಭಾಷೆಗೆ ತನ್ನದೇ ರಚನೆ ಇದೆ, ಅದು ಇಂಗ್ಲಿಷಿನ ನಕಲಲ್ಲ, ಪೂರ್ಣ ಭಾಷೆ ಅಂತ ತೋರಿಸಿಕೊಟ್ಟಿದ್ದು. ವಿಷಯವೇನೋ ಸರಿ. ಆದರೆ ಅರ್ಜಿ ಓದುವವರು ಆ ವಿಷಯವನ್ನೇ ಪಾಠ ಮಾಡುವವರು. ಅವರಿಗೆ ಇವಳು ಅದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ?

‘ಇದೆಲ್ಲ ಅವರಿಗೆ ಗೊತ್ತಿರುತ್ತದೆ. ನೀನು ಇದನ್ನು ಓದೋಕೆ ಯಾಕೆ ಹೋದೆ, ಅದನ್ನು ಹೇಳು’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ನನ್ನ ತಮ್ಮನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸಲ್ಲ ಮೇಡಂ. ಆದರೆ ಅದನ್ನು ಬರೆಯಲ್ಲ. ಬರೆದರೆ ಅವನನ್ನು ತೋರಿಸಿ ಸೀಟು ಕೇಳಿದ ಹಾಗಾಗುತ್ತದೆ.’

ಗಂಟು ಇದ್ದದ್ದು ಅಲ್ಲಿ. ನಿಜವಾದ ಕಾರಣ ಅವಳ ಹತ್ತಿರ ಇತ್ತು. ಅದನ್ನು ಮುಟ್ಟಲು ಭಯ, ನಾಚಿಕೆ. ಹಾಗಾಗಿ ಉಳಿದದ್ದನ್ನೆಲ್ಲ ಬರೆದು ಬರೆದು ಅಳಿಸುತ್ತಿದ್ದಳು. ಈ ಥರ ಬರುವ ಮಕ್ಕಳಿಗೆ ಬರೆಯಲು ಬರುವುದಿಲ್ಲ ಅಂತ ಮನೆಯವರು ಅಂದುಕೊಳ್ಳುತ್ತಾರೆ, ಬರವಣಿಗೆಯ ಟ್ಯೂಷನ್ ಹಾಕಿಸುತ್ತಾರೆ. ಅದರಿಂದ ಪ್ರಯೋಜನ ಆಗುವುದಿಲ್ಲ.

ಅವಳ ಭಯ ತಪ್ಪು ಅಂತ ನಾನು ಹೇಳಲಿಲ್ಲ, ಯಾಕೆಂದರೆ ಅದು ತಪ್ಪಲ್ಲ. ಮನೆಯವರ ಕಷ್ಟ ಬರೆದು ಓದುವವರ ಕಣ್ಣಲ್ಲಿ ನೀರು ತರಿಸಿದರೆ ಆಯ್ಕೆ ಆಗುತ್ತದೆ ಅಂತ ಎಷ್ಟೋ ಮಕ್ಕಳಿಗೆ ಯಾರೋ ಹೇಳಿಕೊಟ್ಟಿರುತ್ತಾರೆ, ಅದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಹಾಗಾಗಿ ಅರ್ಜಿ ಪಕ್ಕಕ್ಕಿಟ್ಟು, ತಮ್ಮನ ಬಗ್ಗೆ ಸುಮ್ನೆ ಮಾತಾಡು ಅಂದೆ. ಯಾರಿಗೂ ತೋರಿಸಬೇಕಾಗಿಲ್ಲ, ಬರೆಯಬೇಕಾಗಿಲ್ಲ.

ಆಗ ಬಂತು ನೋಡಿ. ಅವನು ಕಿವುಡ ಮಕ್ಕಳ ಶಾಲೆಗೆ ಸೇರಿದ್ದು ಏಳನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನಿಗೆ ಯಾರೂ ಸನ್ನೆ ಭಾಷೆ ಕಲಿಸಿರಲಿಲ್ಲ. ಮನೆಯೊಳಗೆ ಅಕ್ಕ ತಮ್ಮ ಇಬ್ಬರೇ ಸೇರಿ ತಮ್ಮದೇ ಸನ್ನೆಗಳನ್ನು ಮಾಡಿಕೊಂಡಿದ್ದರು. ಅಕ್ಕನ ಹೆಸರಿಗೆ ಗಲ್ಲದ ಮೇಲೆ ಬೆರಳು, ಯಾಕೆಂದರೆ ಅವಳ ಗಲ್ಲದಲ್ಲಿ ಒಂದು ಗಾಯದ ಗುರುತಿದೆ. ಮಳೆಗೆ ಒಂದು, ‘ನಿನ್ನೆ’ಗೆ ಒಂದು. ಇಷ್ಟು ಹೇಳಿ, ಅವಳೇ ಕೈಯಲ್ಲಿ ಮಾಡಿ ತೋರಿಸಿದಳು. ‘ಅವನು ಯಾವಾಗಲೂ ಮೊದಲು ವಸ್ತು ತೋರಿಸೋನು, ಆಮೇಲೆ ಏನು ಮಾಡಬೇಕು ಅನ್ನೋದು. ಬಾಗಿಲು, ತೆಗಿ. ಚೆಂಡು, ಎಸಿ. ಯಾವತ್ತೂ ಉಲ್ಟಾ ಮಾಡ್ತಿರಲಿಲ್ಲ. ಅಮ್ಮ ಹೇಗೆ ಬೇಕಾದರೂ ಕೈ ಆಡಿಸೋರು, ಕ್ರಮ ಏನೂ ಇರಲಿಲ್ಲ. ಹಾಗಾದರೆ ಅವನಿಗೆ ಆ ಕ್ರಮ ಎಲ್ಲಿಂದ ಬಂತು?’

ಈ ಪ್ರಶ್ನೆ ಕೇಳುವಾಗ ಅವಳ ದನಿಯೇ ಬೇರೆಯಾಗಿತ್ತು. ಇದು ಸಣ್ಣ ಪ್ರಶ್ನೆ ಅಲ್ಲ. ಮನಶ್ಶಾಸ್ತ್ರಜ್ಞೆ ಸುಸಾನ್ ಗೋಲ್ಡಿನ್-ಮೆಡೋ ದಶಕಗಳ ಕಾಲ ಅಧ್ಯಯನ ಮಾಡಿದ್ದು ಇಂಥ ಮಕ್ಕಳನ್ನೇ: ಮನೆಯಲ್ಲಿ ಎಲ್ಲರಿಗೂ ಕಿವಿ ಕೇಳಿಸುತ್ತದೆ, ಮಗುವಿಗೆ ಸನ್ನೆ ಭಾಷೆ ಸಿಕ್ಕಿಲ್ಲ, ಆದರೂ ಮಗು ತಾನೇ ಸನ್ನೆಗಳನ್ನು ಕಟ್ಟಿಕೊಳ್ಳುತ್ತದೆ. ಅದರಲ್ಲಿ ಒಂದು ಕ್ರಮ ಇರುತ್ತದೆ, ತಾಯಿಯ ಕೈಸನ್ನೆಗಳಿಗಿಂತ ಜಾಸ್ತಿ ಕ್ರಮ ಇರುತ್ತದೆ. ನಿಕರಾಗುವಾದಲ್ಲಿ 1970ರ ದಶಕದ ಕೊನೆಗೆ ಕಿವುಡ ಮಕ್ಕಳಿಗೆ ಶಾಲೆಗಳು ಶುರುವಾದಾಗ, ಮನೆಯ ಸನ್ನೆಗಳನ್ನು ಹೊತ್ತು ಬಂದ ಆ ಮಕ್ಕಳೆಲ್ಲ ಸೇರಿ ಒಂದು ಹೊಸ ಭಾಷೆಯನ್ನೇ ಹುಟ್ಟಿಸಿದರು. ಇದನ್ನೆಲ್ಲ ಅವಳು ಓದಿಕೊಂಡಿದ್ದಳು. ಅವಳಿಗೆ ಬೇಕಾದ ವಿಶ್ವವಿದ್ಯಾಲಯದಲ್ಲಿ ಮನೆ ಸನ್ನೆಗಳನ್ನು ವಿಡಿಯೊ ಮಾಡಿ ಅಧ್ಯಯನ ಮಾಡುವ ಒಂದು ಗುಂಪಿದೆ, ಪಾಠ ಮಾಡುವವರಲ್ಲಿ ಕಿವುಡ ಪ್ರಾಧ್ಯಾಪಕರೂ ಇದ್ದಾರೆ. ಬೇರೆ ಕಡೆ ಅವಳಿಗೆ ಇದು ಸಿಕ್ಕಿರಲಿಲ್ಲ. ಇಷ್ಟೆಲ್ಲ ಇದ್ದೂ ಪತ್ರದಲ್ಲಿ ‘ವಿಶ್ವಮಟ್ಟದ ಶಿಕ್ಷಣ’!

ನಾನು ಹೇಳಿದ್ದು ಇಷ್ಟು. ನೀನು ತಮ್ಮನನ್ನು ತೋರಿಸಿ ಸೀಟು ಕೇಳುತ್ತಿಲ್ಲ. ನಿನ್ನ ಹತ್ತಿರ ಒಂದು ಪ್ರಶ್ನೆ ಇದೆ, ಅದು ಅವನ ಜೊತೆ ಆಡಿ ಬೆಳೆದದ್ದರಿಂದ ಬಂದಿದೆ, ಅದಕ್ಕೆ ಉತ್ತರ ಹುಡುಕುವವರು ಅಲ್ಲಿದ್ದಾರೆ. ಪತ್ರದಲ್ಲಿ ಕರುಣೆ ಬರುವುದು ನೀನು ಅವನ ಕಷ್ಟ ಬರೆದರೆ. ಅವನು ಮಾಡಿದ್ದನ್ನು ಬರೆದರೆ ಬರುವುದಿಲ್ಲ. ಏಳು ವರ್ಷದೊಳಗಿನ ಮಗು ಸ್ವಂತ ಭಾಷೆ ಕಟ್ಟಿದ್ದಾನೆ, ಅದರಲ್ಲಿ ಅಯ್ಯೋ ಪಾಪ ಅನ್ನುವುದು ಏನಿದೆ?

ಇನ್ನೊಂದು ಮಾತನ್ನೂ ಹೇಳಿದೆ. ಈ ಕಥೆ ಅರ್ಧ ನಿನ್ನದು, ಅರ್ಧ ಅವನದು. ಅವನಿಗೆ ಈಗ 15. ಅವನನ್ನು ಕೇಳದೆ ಕಳಿಸಬೇಡ. ಬರೀ ‘ನಿನ್ನ ಬಗ್ಗೆ ಬರೀಲಾ’ ಅಂತಲ್ಲ, ಬರೆದದ್ದನ್ನು ಅವನ ಕೈಗೆ ಕೊಡು, ಬೇಡ ಅನ್ನಿಸಿದ್ದನ್ನು ಹೊಡೆದುಹಾಕಲಿ.

ಇಷ್ಟಾದ ಮೇಲೂ ಅವಳಿಗೆ ಬರೆಯಲು ಆಗಲಿಲ್ಲ. ಮುಂದಿನ ಸಲ ಬಂದಾಗ ಇನ್ನೂ ಸೊರಗಿದ್ದಳು. ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ಒಮ್ಮೆಲೇ ಅಂದಳು: ‘ಇದೆಲ್ಲ ನಿಜ ಮೇಡಂ, ಆದರೆ ಇಷ್ಟೇ ಅಲ್ಲ. ನನಗೆ ಮನೆಯಿಂದ ಹೊರಗೆ ಹೋಗಬೇಕು. ಆಸ್ಪತ್ರೆಗೆ ಹೋದರೂ ನಾನು ಬೇಕು, ಬ್ಯಾಂಕಿಗೆ ಹೋದರೂ ನಾನು ಬೇಕು, ನೆಂಟರು ಬಂದರೂ ನಾನೇ ಪಕ್ಕ ಕೂತು ಹೇಳಬೇಕು. ಡಾಕ್ಟರ್ ಹೇಳಿದ್ದನ್ನು ಒಂಬತ್ತನೇ ವಯಸ್ಸಿನಿಂದ ನಾನೇ ಅವನಿಗೆ ಹೇಳ್ತಿದ್ದೀನಿ. ಅವನ ಹೆಸರು ಹೇಳಿಕೊಂಡು ಅವನನ್ನೇ ಬಿಟ್ಟು ಹೋಗ್ತಿದ್ದೀನಿ, ಇದು ಮೋಸ ಅಲ್ವಾ?’

ಅತ್ತಳು. ಅಳಲಿ ಅಂತ ಬಿಟ್ಟೆ.

ಮನೆಯಲ್ಲಿ ಒಬ್ಬರಿಗೆ ಕಿವಿ ಕೇಳಿಸದಿದ್ದಾಗ ಚುರುಕಾದ ಮಗು ದುಭಾಷಿ ಆಗಿಬಿಡುತ್ತದೆ. ಯಾರೂ ನೇಮಿಸುವುದಿಲ್ಲ, ಯಾರೂ ಒತ್ತಾಯ ಮಾಡುವುದಿಲ್ಲ, ತಾನಾಗಿ ಆಗಿಹೋಗುತ್ತದೆ. ಎಲ್ಲರೂ ಹೊಗಳುತ್ತಾರೆ. ಆದರೆ ವೈದ್ಯರ ಮಾತನ್ನು ಹೇಳುವುದು ದೊಡ್ಡವರ ಕೆಲಸ, ಒಂಬತ್ತು ವರ್ಷದವಳ ಕೆಲಸ ಅಲ್ಲ. ದಣಿದಿದ್ದೇನೆ ಅನ್ನಲು ಇವಳಿಗೆ ಹಕ್ಕಿದೆ, ಹಾಗಂದರೆ ಪ್ರೀತಿ ಕಮ್ಮಿ ಆಗುವುದಿಲ್ಲ. ಇದನ್ನು ಅವಳಿಗೆ ಬೇರೆ ಬೇರೆ ರೀತಿಯಲ್ಲಿ, ನಿಧಾನವಾಗಿ, ಮತ್ತೆ ಮತ್ತೆ ಹೇಳಬೇಕಾಯಿತು. ಈ ಪ್ರಕರಣದಲ್ಲಿ ಜಾಸ್ತಿ ಸಮಯ ಹೋಗಿದ್ದೇ ಇಲ್ಲಿ. ಹೋಗಲೇಬೇಕಿತ್ತು ಕೂಡ.

ಈ ಕಾರಣವನ್ನು ಪತ್ರದಲ್ಲಿ ಬರೆಯಬೇಕಾ ಅಂತ ಕೇಳಿದಳು. ಬೇಡ ಅಂದೆ. ಅದು ಸುಳ್ಳು ಅಂತಲ್ಲ, ಅದನ್ನು ತಿಳಿಯುವ ಅಗತ್ಯ ವಿಶ್ವವಿದ್ಯಾಲಯಕ್ಕಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವರು ಅಪ್ಪ ಅಮ್ಮ. ಒಂದು ಜಾಗಕ್ಕೆ ಹೋಗಬೇಕು ಅನ್ನಿಸಲು ಯಾರಿಗೂ ಒಂದೇ ಕಾರಣ ಇರುವುದಿಲ್ಲ. ಗೆಳತಿ ಅಲ್ಲಿದ್ದಾಳೆ ಅಂತಲೋ, ಮನೆಯಲ್ಲಿ ಉಸಿರು ಕಟ್ಟುತ್ತದೆ ಅಂತಲೋ, ಒಂದು ಮಾತು ಒಳಗೆ ಇದ್ದೇ ಇರುತ್ತದೆ. ಬರೆಯದೆ ಇರಬಹುದು. ಆದರೆ ನಿಮಗೆ ನೀವೇ ಒಪ್ಪಿಕೊಳ್ಳದಿದ್ದರೆ ಅದು ಬರೆಯುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಇವಳಿಗೆ ಆದದ್ದೂ ಅದೇ.

ಮನೆಯವರೆಲ್ಲ ಒಟ್ಟಿಗೆ ಬಂದರು. ತಮ್ಮನಿಗಾಗಿ ಬೇರೆ ದುಭಾಷಿಯನ್ನು ಕರೆಸಿದ್ದೆ. ಅಕ್ಕನ ಬಗ್ಗೆ ನಡೆಯುವ ಮಾತಿಗೆ ಅಕ್ಕನೇ ದುಭಾಷಿ ಆಗುವುದು ಬೇಡ ಅಂತ ನಾನು ಹಟ ಹಿಡಿದಿದ್ದೆ. ಮಗಳು ಹೋದರೆ ಇವನ ಗತಿ ಏನು ಅಂತ ಅಪ್ಪ ಕೇಳಿದರು. ಹುಡುಗ ಹುಬ್ಬು ಗಂಟಿಕ್ಕಿ ಕೈ ಆಡಿಸಿದ, ದುಭಾಷಿ ಹೇಳಿದರು: ‘ಅಕ್ಕ ಹೋದರೆ ನನಗೇನೂ ಆಗಲ್ಲ. ನೀವಿಬ್ಬರೂ ಇನ್ನೂ ಯಾಕೆ ಕಲಿತಿಲ್ಲ?’ ಕೋಣೆಯಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಅಪ್ಪ ಅಮ್ಮನಿಗೆ ಬರುತ್ತಿದ್ದದ್ದು ಕೆಲವೇ ಸನ್ನೆಗಳು. ಆಸ್ಪತ್ರೆಗೆ ಹೋಗುವಾಗ ವೃತ್ತಿಪರ ದುಭಾಷಿಯನ್ನು ಕರೆದುಕೊಳ್ಳುವುದು, ಸಣ್ಣಪುಟ್ಟ ಕೆಲಸಗಳಲ್ಲಿ ಅವನು ಬರೆದು ತೋರಿಸಿ ತಾನೇ ನಿಭಾಯಿಸುವುದು, ಅಪ್ಪ ಅಮ್ಮ ಸನ್ನೆ ಭಾಷೆಯ ತರಗತಿಗೆ ಸೇರುವುದು ಅಂತ ಮಾತಾಯಿತು. ಇದನ್ನು ಅವರ ಬಾಯಿಂದಲೇ ಬರಿಸಿದೆ, ನಾನು ಹೇಳಲಿಲ್ಲ.

ಆ ವಾರವೇ ಅವಳು ಬರೆದಳು. ಪತ್ರ ಹೀಗೆ ಶುರುವಾಗುತ್ತದೆ: ‘ನನ್ನ ತಮ್ಮ ಶಾಲೆಗೆ ಸೇರುವ ಮೊದಲು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ಭಾಷೆ ಇತ್ತು. ಅದರಲ್ಲಿ ವಸ್ತು ಮೊದಲು ಬರುತ್ತಿತ್ತು, ಕ್ರಿಯೆ ಆಮೇಲೆ. ಈ ನಿಯಮವನ್ನು ನಾನು ಮಾಡಿದ್ದಲ್ಲ. ಈಗ ಅವನು ಶಾಲೆಯ ಸನ್ನೆ ಭಾಷೆಯಲ್ಲಿ ಮಾತಾಡುತ್ತಾನೆ. ಹಳೆಯ ನಿಯಮ ಅದರೊಳಗೆ ಎಲ್ಲಾದರೂ ಉಳಿದಿದೆಯೇ ಅಂತ ನನಗೆ ತಿಳಿಯಬೇಕು.’ ಇದರ ಬೆನ್ನಿಗೇ ಆ ಸಂಶೋಧನಾ ಗುಂಪು, ಅವಳು ತೆಗೆದುಕೊಳ್ಳಬೇಕೆಂದಿರುವ ಎರಡು ಕೋರ್ಸ್‌ಗಳು, ಕಿವುಡ ಪ್ರಾಧ್ಯಾಪಕರಿಂದ ಕಲಿಯುವುದು ತನಗೆ ಯಾಕೆ ಮುಖ್ಯ ಅನ್ನುವುದು. ಮಿಲಾನ್ ಹೋಯಿತು. ರ‍್ಯಾಂಕ್ ಕೂಡ ಹೋಯಿತು, ಅಪ್ಪ ಸ್ವಲ್ಪ ಗೊಣಗಿದರಂತೆ.

ತಮ್ಮ ಓದಿ ಒಂದು ಸಾಲು ಹೊಡೆದುಹಾಕಿದ. ‘ನಿಶ್ಶಬ್ದ ಲೋಕದಲ್ಲಿ ಒಂಟಿಯಾಗಿದ್ದ ನನ್ನ ತಮ್ಮ’ ಅಂತ ಬರೆದಿದ್ದಳು. ಪಕ್ಕದಲ್ಲಿ ‘ನಾನು ಒಂಟಿ ಆಗಿರಲಿಲ್ಲ, ನೀನಿದ್ದೆ’ ಅಂತ ಬರೆದು ವಾಪಸ್ ಕೊಟ್ಟಿದ್ದ.

ಇಂಥ ಉತ್ತರ ಬರೆಯಲು ಕೂತಿರುವವರಿಗೆ ಒಂದೆರಡು ವ್ಯವಹಾರದ ಮಾತು. ಯಾವ ಅರ್ಜಿಯಲ್ಲಿ ಏನು ಕೇಳುತ್ತಾರೆ ಅನ್ನೋದನ್ನು ಮೊದಲು ನೋಡಿಕೊಳ್ಳಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಹಾಕುವ ಯುಕ್ಯಾಸ್ ಅರ್ಜಿಯಲ್ಲಿ ನಿಮ್ಮ ಬಗ್ಗೆ ಬರೆಯುವ ಒಂದೇ ಹೇಳಿಕೆ ನಿಮ್ಮ ಐದು ಆಯ್ಕೆಗಳಿಗೂ ಹೋಗುತ್ತದೆ, ಹಾಗಾಗಿ ಅಲ್ಲಿ ಒಂದು ವಿಶ್ವವಿದ್ಯಾಲಯದ ಹೆಸರು ಬರೆದು ಹೊಗಳಿದರೆ ಉಳಿದ ನಾಲ್ಕು ಕಡೆ ಕೆಡುತ್ತದೆ. 2026ರ ಪ್ರವೇಶದಿಂದ ಅಲ್ಲಿ ಮೂರು ಪ್ರಶ್ನೆಗಳಾಗಿವೆ, ಒಟ್ಟು 4,000 ಅಕ್ಷರಗಳ ಮಿತಿ, ಮೊದಲ ಪ್ರಶ್ನೆಯೇ ಈ ವಿಷಯವನ್ನು ಯಾಕೆ ಓದಬೇಕು ಅನ್ನೋದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಮುಖ್ಯ ಪ್ರಬಂಧ 650 ಪದಗಳವರೆಗೆ, ಅದು ನೀವು ಅರ್ಜಿ ಹಾಕಿದ ಎಲ್ಲ ಕಡೆಗೂ ಹೋಗುತ್ತದೆ. ‘ನಮ್ಮಲ್ಲೇ ಯಾಕೆ’ ಅನ್ನುವ ಪ್ರಶ್ನೆಯನ್ನು ಎಷ್ಟೋ ವಿಶ್ವವಿದ್ಯಾಲಯಗಳು ಬೇರೆಯಾಗಿ ಕೇಳುತ್ತವೆ. ನಿಮ್ಮ ಕಥೆಯಲ್ಲೇ ಮುಕ್ಕಾಲು ಪಾಲು ಮುಗಿಸಬೇಡಿ. ಈ ಹುಡುಗಿಯ ಪತ್ರದಲ್ಲಿ ತಮ್ಮ ಮೂರನೇ ಒಂದು ಭಾಗ ಇದ್ದಾನೆ, ಉಳಿದದ್ದು ಅವಳು ಅಲ್ಲಿ ಮಾಡಲಿರುವ ಕೆಲಸ. ಕೋರ್ಸ್ ಪಟ್ಟಿಯನ್ನು ನೀವೇ ಓದಿ. ಸ್ಪಷ್ಟವಿಲ್ಲದಿದ್ದರೆ ವಿಭಾಗಕ್ಕೆ ಇಮೇಲ್ ಮಾಡಿ ಕೇಳಿ. ಇವಳು ಕೇಳಿದ್ದಳು, ಪದವಿ ವಿದ್ಯಾರ್ಥಿಗಳನ್ನೂ ಎರಡನೇ ವರ್ಷದಿಂದ ಆ ಗುಂಪಿಗೆ ಸೇರಿಸಿಕೊಳ್ಳುತ್ತೇವೆ ಅಂತ ಉತ್ತರ ಬಂದಿತ್ತು. ಅದು ಗೊತ್ತಾದ ಮೇಲೆ ಅವಳ ಬರವಣಿಗೆಗೆ ಧೈರ್ಯ ಬಂತು.

ಅಲ್ಲಿ ಸಿಗದಿದ್ದರೆ ಏನು ಗತಿ ಅಂತಲೂ ಕೇಳಿದ್ದಳು. ಪ್ರಶ್ನೆ ನಿನ್ನದು, ವಿಶ್ವವಿದ್ಯಾಲಯದ್ದಲ್ಲ ಅಂದೆ. ಇನ್ನೆರಡು ಕಡೆ ಭಾಷಾವಿಜ್ಞಾನಕ್ಕೆ ಅರ್ಜಿ ಹಾಕಿದ್ದಾಳೆ. ಅಲ್ಲಿ ಅಂಥ ಗುಂಪಿಲ್ಲ, ಆದರೆ ಮಕ್ಕಳು ಭಾಷೆ ಕಲಿಯುವ ಬಗ್ಗೆ ಒಳ್ಳೆಯ ಕೋರ್ಸ್‌ಗಳಿವೆ. ಪತ್ರದ ಮೊದಲ ಭಾಗ ಹಾಗೇ ಇಟ್ಟು ಎರಡನೇ ಭಾಗವನ್ನು ಹೊಸದಾಗಿ ಬರೆದಳು.

ಈಗ ಸಂದರ್ಶನಕ್ಕೆ ಕರೆ ಬಂದಿದೆ. ತಮ್ಮನ ಬಗ್ಗೆ ಕೇಳಿಯೇ ಕೇಳುತ್ತಾರೆ, ಎಷ್ಟು ಹೇಳಬಹುದು ಅಂತ ಇಬ್ಬರೂ ಕೂತು ಮೊದಲೇ ತೀರ್ಮಾನ ಮಾಡಿಕೊಳ್ಳಿ ಅಂದಿದ್ದೆ. ಮಾಡಿಕೊಂಡಿದ್ದಾರೆ. ಎರಡು ವಿಷಯ ಮಾತ್ರ ಹೇಳಬೇಡ ಅಂದನಂತೆ. ಅವು ಏನು ಅಂತ ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.