ಜಿಪಿಎಸ್ ದಾರಿ ತೋರಿಸೀತು, ಹರಿದ ಹಾಯಿ ಹೊಲಿಯುವವರು ಯಾರು?

ಓದುಗರ ಪತ್ರ: ನೌಕಾಪಡೆಯ ದಿಲ್ನಾ ಮತ್ತು ರೂಪಾ ‘ತಾರಿಣಿ’ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಸಂತೋಷ. ಆದರೆ ಜಿಪಿಎಸ್, ಉಪಗ್ರಹ ಫೋನ್, ತಾನೇ ಚುಕ್ಕಾಣಿ ನಡೆಸುವ ಆಟೋಪೈಲಟ್ ಎಲ್ಲ ಇರುವಾಗ ಇದನ್ನು ಸಾಹಸ ಎನ್ನಬಹುದೇ? ಎಲೆಕ್ಟ್ರಾನಿಕ್ಸ್ ಓದಿದವನಾಗಿ ಕೇಳುತ್ತಿದ್ದೇನೆ, ಈಗ ಯಾರು ಬೇಕಾದರೂ ಹೋಗಿ ಬರಬಹುದಲ್ಲವೇ?
– ಹುಬ್ಬಳ್ಳಿಯ ಓದುಗರು

ಸಂಪಾದಕರ ಉತ್ತರ:

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಉಪಗ್ರಹಗಳು ಬಂದ ಮೇಲೆ ನಡುಗಡಲಲ್ಲಿ ‘ನಾವೆಲ್ಲಿದ್ದೇವೆ’ ಎಂಬ ದಿಗಿಲು ಹೋಯಿತು. ಬಿರುಗಾಳಿಯ ಮುನ್ಸೂಚನೆ ಎಷ್ಟೋ ಜೀವ ಉಳಿಸಿದೆ. ಅಷ್ಟು ಸರಿ.

ಆದರೆ ಸ್ಥಾನ ಗೊತ್ತಾದರೆ ಕೆಲಸ ಮುಗಿಯಿತೇ? 2014ರ ನವೆಂಬರ್ 29ರ ರಾತ್ರಿ ಭೂಮಿ ಸುತ್ತುವ ಹಾಯಿದೋಣಿ ಸ್ಪರ್ಧೆಯಾದ ವೋಲ್ವೊ ಓಷನ್ ರೇಸ್‌ನ 65 ಅಡಿಯ ದೋಣಿಯೊಂದು ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ಒಳಗೆ ಒಂಬತ್ತು ಜನ ನುರಿತವರು, ಬೇಕಾದ ಉಪಕರಣಗಳೆಲ್ಲ ಇದ್ದವು. ಎಲೆಕ್ಟ್ರಾನಿಕ್ ನಕ್ಷೆಯನ್ನು ಸಾಕಷ್ಟು ಹಿಗ್ಗಿಸಿ ನೋಡದೆ ದಿಬ್ಬ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲರೂ ಬದುಕಿದರು, ದೋಣಿ ತೀವ್ರವಾಗಿ ಜಖಂಗೊಂಡಿತು.

ಇನ್ನು ನೀವು ಹೆಸರಿಸಿದ ಆಟೋಪೈಲಟ್. ಎಲೆಕ್ಟ್ರಾನಿಕ್ಸ್ ಓದಿದ ನೀವೇ ಲೆಕ್ಕ ಹಾಕಿ. 35 ಅಡಿಯ ದೋಣಿಯಲ್ಲಿ ಅದು ಸರಾಸರಿ ಮೂರೂವರೆ ಆಂಪಿಯರ್ ಎಳೆಯಿತು ಎನ್ನಿ. ದಿನಕ್ಕೆ 84 ಆಂಪಿಯರ್-ಅವರ್. 100ರ ಬ್ಯಾಟರಿಯೊಂದು ಬಹುಪಾಲು ಖಾಲಿ. ಮೋಡ ಮುಚ್ಚಿದ ದಕ್ಷಿಣ ಸಮುದ್ರದಲ್ಲಿ ಸೋಲಾರ್ ಫಲಕ ಅದನ್ನು ತುಂಬಿಕೊಡುವುದಿಲ್ಲ. ಹಿಂದಿನಿಂದ ದೊಡ್ಡ ಅಲೆಗಳು ಎತ್ತಿ ತಿರುಗಿಸುವಾಗ ಮೋಟರಿನ ಮೇಲೆ ಬೀಳುವ ಹೊರೆಯೂ ವಿಪರೀತ. ಉಪ್ಪುನೀರು ಒಂದು ಕನೆಕ್ಟರಿಗೆ ಇಳಿದು ತಾಮ್ರ ಹಸಿರುಗಟ್ಟಿದರೆ ಮುಗಿಯಿತು.

ಅದಕ್ಕೇ ದೂರ ಹೋಗುವ ಸಣ್ಣ ದೋಣಿಗಳ ಹಿಂಬದಿಯಲ್ಲಿ ಇಂದಿಗೂ ವಿಂಡ್‌ವೇನ್ ಇರುತ್ತದೆ. ಮೇಲೆ ಪ್ಲೈವುಡ್ಡಿನ ತೆಳು ಹಲಗೆ, ಕೆಳಗೆ ನೀರಲ್ಲಿ ಇಳಿಬಿಟ್ಟ ಅಲಗು. ದೋಣಿ ದಿಕ್ಕು ತಪ್ಪಿದರೆ ಗಾಳಿ ಹಲಗೆಯನ್ನು ಬಾಗಿಸುತ್ತದೆ, ಅದು ಅಲಗನ್ನು ಕೊಂಚ ತಿರುಗಿಸುತ್ತದೆ, ಹರಿಯುವ ನೀರು ಆ ಅಲಗನ್ನು ರಭಸದಿಂದ ಪಕ್ಕಕ್ಕೆ ತಳ್ಳುತ್ತದೆ, ಅಲಗಿಗೆ ಕಟ್ಟಿದ ಎರಡು ಹಗ್ಗಗಳು ಚುಕ್ಕಾಣಿಯನ್ನು ಎಳೆಯುತ್ತವೆ. ಒಂದು ಹನಿ ವಿದ್ಯುತ್ ಬೇಡ. ದೋಣಿಯ ವೇಗ ಹೆಚ್ಚಿದಷ್ಟೂ ಅದರ ಬಲ ಹೆಚ್ಚು. ಕೆಡುವುದೂ ಕಣ್ಣೆದುರೇ: ರಾಟೆಯ ಬಳಿ ಹಗ್ಗ ಸವೆಯುತ್ತದೆ, ತೇಲುವ ಮರದ ದಿಮ್ಮಿ ಬಡಿದು ಅಲಗು ಮುರಿಯುತ್ತದೆ. ಹಗ್ಗವನ್ನು ಹದಿನೈದು ದಿನಕ್ಕೊಮ್ಮೆ ತುದಿ ಬದಲಿಸಿ ಕಟ್ಟಬೇಕು, ಬದಲಿ ಅಲಗು ಎರಡಾದರೂ ಇರಬೇಕು.

ಇದೂ ಕೈಕೊಡುತ್ತದೆ, ಸುಳ್ಳೇಕೆ? ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಸ್ಪರ್ಧೆಯಾದ ಗೋಲ್ಡನ್ ಗ್ಲೋಬ್ ರೇಸ್‌ನ 2022ರ ಆವೃತ್ತಿಯನ್ನೇ ನೋಡಿ. ಜಿಪಿಎಸ್ ಬಳಸುವಂತಿಲ್ಲ, ಸೆಕ್ಸ್ಟೆಂಟ್ ಹಿಡಿದು ಸೂರ್ಯನನ್ನು ಅಳೆದೇ ದಾರಿ ಹುಡುಕಬೇಕು. ಹೊರಟವರು 16, ಎಲ್ಲೂ ನಿಲ್ಲದೆ ಮುಗಿಸಿದವರು ಮೂವರೇ. ಮುಂದಿದ್ದ ಸೈಮನ್ ಕರ್ವೆನ್ ವಿಂಡ್‌ವೇನ್ ಮುರಿದು ಚಿಲಿಯಲ್ಲಿ ನಿಲ್ಲಬೇಕಾಯಿತು. ನಮ್ಮ ಅಭಿಲಾಷ್ ಟೋಮಿಯವರ ವಿಂಡ್‌ವೇನ್ ಕೂಡ ಮತ್ತೆ ಮತ್ತೆ ಮುರಿಯಿತು. ಅವರು ಶೌಚದ ಕೋಣೆಯ ಬಾಗಿಲನ್ನೇ ಕೊಯ್ದು ಅದಕ್ಕೆ ಬೇಕಾದ ಭಾಗ ಮಾಡಿಕೊಂಡರು, 236 ದಿನಗಳಲ್ಲಿ ಎರಡನೆಯವರಾಗಿ ದಡ ಸೇರಿದರು. 2018ರಲ್ಲಿ ಇದೇ ಸ್ಪರ್ಧೆಯಲ್ಲಿ ದೋಣಿ ಉರುಳಿ, ಹಾಯಿಕಂಬ ಮುರಿದು, ಬೆನ್ನುಮೂಳೆಗೆ ಟೈಟಾನಿಯಂ ಸರಳು ಹಾಕಿಸಿಕೊಂಡವರು ಅವರು. ಮೊದಲ ಸ್ಥಾನ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಅವರದು; ದಾರಿಯಲ್ಲಿ ತಿರುಗಿ ಹೋಗಿ, ದೋಣಿ ಮುಳುಗಿದ ಸಹಸ್ಪರ್ಧಿಯನ್ನು ಲೈಫ್‌ರಾಫ್ಟ್‌ನಿಂದ ಎತ್ತಿಕೊಂಡ ಮೇಲೂ ಅವರೇ ಗೆದ್ದರು.

ಸಾಹಸ ಎಂದಾಗ ನಿಮ್ಮ ಮನಸ್ಸಿಗೆ ಬರುವುದು ಮನೆಯೆತ್ತರದ ಅಲೆ. ನಿಜವಾದ ಶತ್ರು ತಿಕ್ಕಾಟ. ಹಾಯಿ ಎತ್ತುವ ಹಗ್ಗ ಕಂಬದ ತುದಿಯ ರಾಟೆಯ ಮೇಲೆ ಹಗಲಿರುಳು ಒಂದೇ ಕಡೆ ಉಜ್ಜುತ್ತದೆ, ಬಾವಿಯ ಹಗ್ಗ ಸವೆಯುವ ಹಾಗೆ. ದಿನಕ್ಕೊಮ್ಮೆ ನಾಲ್ಕು ಬೆರಳಷ್ಟು ಸಡಿಲಿಸಿ ಅಥವಾ ಬಿಗಿದು ಉಜ್ಜುವ ಜಾಗ ಬದಲಿಸದಿದ್ದರೆ ಅದು ತುಂಡಾಗುವುದು ಖಚಿತ. ಕಂಬವನ್ನು ನಿಲ್ಲಿಸಿರುವ ಉಕ್ಕಿನ ತಂತಿ ಸಾಮಾನ್ಯವಾಗಿ ಕೆಳತುದಿಯಲ್ಲಿ ಕೊಳವೆಯೊಳಗೆ ಹೊಗುವಲ್ಲಿ ಸೀಳುತ್ತದೆ, ಉಪ್ಪುನೀರು ನಿಲ್ಲುವುದು ಅಲ್ಲೇ. ಟಿಶ್ಯೂ ಕಾಗದ ಹಿಡಿದು ಸವರಿದರೆ ಮುರಿದ ಎಳೆ ಸಿಕ್ಕಿಕೊಂಡು ತಿಳಿಸುತ್ತದೆ. ಅತಿ ಉದ್ದದ ತಂತಿಗೆ ಸಾಲುವಷ್ಟು ಬದಲಿ ತಂತಿ, ಸ್ಪ್ಯಾನರಿನಿಂದಲೇ ಕೂರಿಸಬಹುದಾದ ತುದಿಗಳು, ಕಂಬ ಬಿದ್ದರೆ ತಂತಿ ಕತ್ತರಿಸಲು ಬೋಲ್ಟ್ ಕಟರ್ – ಇಷ್ಟು ಇಲ್ಲದೆ ಹೊರಡಬಾರದು. ನೀರಿನ ಮಾತೂ ಹಾಗೆಯೇ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಿಂದ ಮಾರ್ಕೆಸಾಸ್ ದ್ವೀಪಗಳಿಗೆ ಸುಮಾರು 3,000 ನಾಟಿಕಲ್ ಮೈಲಿ. ದಿನಕ್ಕೆ 100 ಮೈಲಿಯಂತೆ 30 ದಿನ, ತಲೆಗೆ ಮೂರು ಲೀಟರಿನಂತೆ ಇಬ್ಬರಿಗೆ 180 ಲೀಟರ್, ಮೇಲೆ ಅದರ ಅರ್ಧ. ಎಲ್ಲವನ್ನೂ ಒಂದೇ ಟ್ಯಾಂಕಿನಲ್ಲಿ ತುಂಬಬಾರದು, ಒಂದು ಕೆಟ್ಟರೆ ಇನ್ನೊಂದು ಉಳಿಯಬೇಕು.

ಇದಕ್ಕೆ ದೊಡ್ಡ ಸಾಕ್ಷಿ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು 1969ರ ಏಪ್ರಿಲ್ 22ಕ್ಕೆ ಅಲ್ಲಿಗೇ ಮರಳಿದ, ಒಬ್ಬನೇ ನಿಲ್ಲದೆ ಭೂಮಿ ಸುತ್ತಿದ ಮೊದಲಿಗ. ಅವನ 32 ಅಡಿಯ ‘ಸುಹೇಲಿ’ ಮುಂಬೈಯಲ್ಲಿ ಸಾಗುವಾನಿಯಲ್ಲಿ ಕಟ್ಟಿದ್ದು. ಅಟ್ಲಾಂಟಿಕ್‌ನಲ್ಲೇ ನೀರಿನ ಮಟ್ಟದ ಕೆಳಗೆ ಹಲಗೆಗಳ ಸಂದಿ ಬಿಟ್ಟು ಸೋರತೊಡಗಿತು. ಉಸಿರು ಬಿಗಿಹಿಡಿದು ಮುಳುಗಿ ಹತ್ತಿ ತುರುಕಿದ, ಅದು ನಿಲ್ಲಲಿಲ್ಲ. ಮೇಲೆ ಬಂದು ಕ್ಯಾನ್ವಾಸ್ ಪಟ್ಟಿಗೆ ಹತ್ತಿ ಹೊಲಿದು, ಟಾರು ಬಳಿದು, ತಾಮ್ರದ ಮೊಳೆಗಳನ್ನು ಮೊದಲೇ ಚುಚ್ಚಿಟ್ಟುಕೊಂಡು ಮತ್ತೆ ಮುಳುಗಿ ಬಡಿದ. ಅದರ ಮೇಲೆ ತಾಮ್ರದ ತಗಡಿನ ಪಟ್ಟಿ. ನಡುವೆ ಬಂದ ಶಾರ್ಕನ್ನು ಬಂದೂಕಿನಿಂದ ಕೊಂದ. ಆಮೇಲೆ ಇನ್ನೊಂದು ಬದಿಗೂ ಇದೇ ಕೆಲಸ. ನಿಮ್ಮ ಯಾವ ಉಪಗ್ರಹ ಆ ಮೊಳೆ ಹೊಡೆದೀತು?

ನನ್ನ ಸಂಕಟ ಇಲ್ಲಿದೆ. ಮಂಗಳೂರು ಹೆಂಚು ಹೊತ್ತು ಹಾಯಿ ಬಿಚ್ಚಿ ಹೋಗುತ್ತಿದ್ದ ಮಂಜಿಗಳು ನಮ್ಮ ಕರಾವಳಿಯವು. ಹಲಗೆಯ ಸಂದಿ ಮುಚ್ಚುವ ಕಸುಬು ನಮ್ಮ ಆಚಾರಿಗಳ ಕೈಯಲ್ಲಿತ್ತು. ಅವರನ್ನು ಕೂರಿಸಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಮಾಡಬೇಕಿತ್ತು. ಮಗ ಐಟಿಐ ಸೇರಿದರೆ ಮನೆಯವರ ಮುಖ ಬಾಡುತ್ತದೆ. ಎಂಜಿನಿಯರಿಂಗ್ ಮುಗಿಸಿದವನಿಗೆ ನಲ್ಲಿಯ ವಾಷರ್ ಬದಲಿಸಲು ಬಾರದಿದ್ದರೆ ಯಾರಿಗೂ ನಾಚಿಕೆಯಿಲ್ಲ. ಮಹದಾಯಿಯ ನೀರಿಗಾಗಿ ದಶಕಗಳಿಂದ ಜಗಳವಾಡಿದ್ದೇವೆ. ಖಾನಾಪುರದ ಕಾಡಲ್ಲಿ ಹುಟ್ಟುವ ಅದೇ ನದಿಯ ಹೆಸರಿನ ‘ಮಾದೇಯಿ’ ದೋಣಿಯನ್ನು ಗೋವಾದಲ್ಲಿ ಕಟ್ಟಿದರು, 2009–10ರಲ್ಲಿ ದಿಲೀಪ್ ದೋಂಡೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ನಮ್ಮಲ್ಲಿ ಎಷ್ಟು ಮಕ್ಕಳಿಗೆ ಇದು ಗೊತ್ತು?

ನೀವು ಕುತೂಹಲದವರು, ಪತ್ರವೇ ಹೇಳುತ್ತದೆ. ಇಂಥ ನಾವಿಕರನ್ನು ನಿಮ್ಮೂರಿಗೆ ಕರೆಸಿದಾಗ ಶಾಲು, ಹಾರ, ಫೋಟೋಗಳಿಗೆ ಐದು ನಿಮಿಷ ಸಾಕು. ಉಳಿದ ಹೊತ್ತನ್ನು ಪ್ರಶ್ನೆಗಳಿಗೆ ಬಿಡಿಸಿ. ಮೊದಲು ಮುರಿದದ್ದು ಯಾವುದು, ಯಾವ ಉಪಕರಣದಿಂದ ಸರಿಮಾಡಿದಿರಿ, ಯಾವ ಬಿಡಿಭಾಗ ಒಯ್ಯಬೇಕಿತ್ತು ಅನಿಸಿತು ಎಂದು ಕೇಳಿ, ಉತ್ತರ ಬರೆದು ಕಳಿಸಿ. ಎಷ್ಟು ಪುಟವಾದರೂ ಅಚ್ಚುಹಾಕುತ್ತೇವೆ.